ವಾಯುವಲಯದ ಎಲ್ಲೆ ಮತ್ತು ಹೊಣೆ

ವಡೋದರೆಯ ರೈಲು ನಿಲ್ದಾಣದ ಪಶ್ಚಿಮ ಪಾರ್ಶ್ವದಲ್ಲಿ ಹಬ್ಬಿಕೊಂಡಿರುವ ಆಲ್ಕಾಪುರಿ ಬಡಾವಣೆಯು ಸ್ಥಿತಿವಂತರ ಮನೆಗಳಿಗೂ ಬ್ಯಾಂಕು ಅಂಗಡಿಗಳಿಗೂ ಹೆಸರಾದುದು. ಗುಜರಾತಿಗೆ ಬಂದು ನೆಲಸಿದ ಕನ್ನಡಿಗರಿಗೆ, ಅವರು ಬ್ಯಾಂಕಿನ ಅಧಿಕಾರಿಗಳಾಗಿರಲಿ, ಕಾರ್ಖಾನೆಯ ಇಂಜಿನಿಯರುಗಳಾಗಿರಲಿ, ಉಡುಪಿ ಹೋಟೆಲಿನವರಾಗಿರಲಿ, ಈ ಹೆಸರು ಅಪರಿಚಿತವಲ್ಲ. ಅಲ್ಲಿ ನಿಂತು ಸುತ್ತ ನೋಡುವವನಿಗೆ ಕೈಗಾರಿಕೆಯ ಕುರುಹು ಅಷ್ಟಾಗಿ ಕಾಣಿಸದು. ಆದರೆ ಅಲ್ಲಿಂದ ಉತ್ತರಕ್ಕೂ ವಾಯವ್ಯಕ್ಕೂ ಕೆಲವೇ ಮೈಲಿಗಳ ದೂರದಲ್ಲಿ, 1965ರಿಂದ ನಡೆಯುತ್ತಿರುವ ಕೊಯಲಿಯ ತೈಲ ಶುದ್ಧೀಕರಣಾಗಾರ, ಅದರ ಬೆನ್ನಿಗೆ ಬಂದ ಗೊಬ್ಬರ ಮತ್ತು ಪೆಟ್ರೋರಸಾಯನದ ಕಾರ್ಖಾನೆಗಳು, ನಂದೇಸರಿಯ ರಾಸಾಯನಿಕ ವಸಾಹತು ಇವೆಲ್ಲ ಸಾಲುಗೊಂಡಿವೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಮೇಲಣ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತುಬಿಟ್ಟಾಗ, ಮೇಲಕ್ಕೆ ಏರಿಹೋಗಬೇಕಾಗಿದ್ದ ಹೊಗೆ ಏರಲಾರದೆ, ಉತ್ತರದಿಂದ ಸುಳಿಯುವ ಮಂದವಾದ ಗಾಳಿಯೊಡನೆ ಊರಿನ ಮೇಲೆಯೇ ಹರಿದುಬರುತ್ತದೆ. ಈ ಕಾರ್ಖಾನೆಗಳಲ್ಲಿ ಬಹುಪಾಲು ನಗರಪಾಲಿಕೆಯ ಮೂಲ ಎಲ್ಲೆಯ ಆಚೆಗೆ ಹುಟ್ಟಿದುವು. ಅವುಗಳ ಉಸಿರನ್ನು ಎಳೆದುಕೊಳ್ಳುವ ಜನರಾದರೋ ಎಲ್ಲೆಯ ಒಳಗಿನವರು.

ವಾಯುಮಾಲಿನ್ಯದ ಪ್ರಶ್ನೆಯನ್ನು ಇಲ್ಲಿಂದ ಆರಂಭಿಸುವುದು ಉಚಿತವೆಂದು ನನಗೆ ತೋರುತ್ತದೆ. ನೀರಿಗೆ ಹೊಳೆಯೆಂಬ ಪಾತ್ರವುಂಟು, ಜಲಾನಯನವೆಂಬ ಲೆಕ್ಕವುಂಟು. ಯಾವ ಹಳ್ಳದ ನೀರು ಯಾವ ನದಿಗೆ ಸೇರುತ್ತದೆಂಬುದನ್ನು ಶಾಲೆಯ ಹುಡುಗನೂ ನಕ್ಷೆಯಲ್ಲಿ ತೋರಿಸಬಲ್ಲನು. ಗಾಳಿಗೂ ಅಂತಹ ಆನಯನವುಂಟು. ಬೆಟ್ಟ, ಕಣಿವೆ, ಕಡಲತೀರ, ಋತುಮಾನದ ಮಾರುತ ಇವು ಸೇರಿ ಒಂದು ಭೂಭಾಗದ ಮೇಲಣ ಗಾಳಿಯನ್ನು ಬಹುಕಾಲ ಒಟ್ಟಿಗೆ ಹಿಡಿದಿಡುತ್ತವೆ. ಅಂತಹ ಭಾಗವನ್ನು ಒಂದು ವಲಯವೆಂದು ಘೋಷಿಸಿ, ಅದರೊಳಗೆ ಹೊಗೆ ಬಿಡುವವರೆಲ್ಲರನ್ನೂ ಒಂದೇ ಲೆಕ್ಕದಲ್ಲಿ ತಂದು, ಆ ಲೆಕ್ಕಕ್ಕೆ ಉತ್ತರ ಹೇಳತಕ್ಕ ಒಬ್ಬ ಅಧಿಕಾರಿಯನ್ನೋ ಮಂಡಳಿಯನ್ನೋ ನಿಯಮಿಸುವುದೇ ವಾಯುವಲಯ ಪದ್ಧತಿಯ ಸಾರ. ಇದರಲ್ಲಿ ಮೂರು ಅಂಗಗಳಿವೆ: ಎಲ್ಲೆ, ಮೊತ್ತ, ಹೊಣೆ. ನಮ್ಮ ದೇಶದಲ್ಲಿ ನಾವು ಎಲ್ಲೆಯನ್ನು ಮಾತ್ರ ಉದಾರವಾಗಿ ಎಳೆದಿದ್ದೇವೆ, ಉಳಿದೆರಡನ್ನು ಬಿಟ್ಟುಬಿಟ್ಟಿದ್ದೇವೆ ಎಂಬುದೇ ನನ್ನ ವಾದ. ಆ ಕೊರತೆಯನ್ನು ಪೂರೈಸುವ ದಾರಿಯನ್ನು ಗುಜರಾತಿನ ವಡೋದರೆ, ಅಹಮದಾಬಾದು, ಸೂರತ್ ಎಂಬ ಮೂರು ನಗರಗಳ, ಅದರಲ್ಲಿಯೂ ಸೂರತ್ತಿನ, ಅನುಭವವು ತೋರಿಸಿಕೊಡುತ್ತದೆಂಬುದು ಆ ವಾದದ ಉತ್ತರಾರ್ಧ.

ಶಾಸನದಲ್ಲಿ ವಲಯದ ಕಲ್ಪನೆ ಹೊಸದೇನೂ ಅಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನು ಕಾರ್ಯಗತಗೊಳಿಸುವುದಕ್ಕಾಗಿ ಎಂದು ಪೀಠಿಕೆಯಲ್ಲಿಯೇ ಹೇಳಿಕೊಂಡು ಬಂದ 1981ರ ವಾಯು ಕಾಯಿದೆಯ 19ನೆಯ ಪ್ರಕರಣವು, ರಾಜ್ಯ ಸರ್ಕಾರವು ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ಸಮಾಲೋಚಿಸಿ ಯಾವುದೇ ಪ್ರದೇಶವನ್ನು ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಘೋಷಿಸಬಹುದೆಂದು ವಿಧಿಸುತ್ತದೆ. ಆ ಪ್ರದೇಶವನ್ನು ಹಿಗ್ಗಿಸುವುದಕ್ಕೆ, ಕುಗ್ಗಿಸುವುದಕ್ಕೆ, ಎರಡು ಪ್ರದೇಶಗಳನ್ನು ಕೂಡಿಸಿ ಹೊಸದೊಂದನ್ನು ಮಾಡುವುದಕ್ಕೆ, ಅದರೊಳಗೆ ಇಂಥ ಇಂಧನವನ್ನು ಉರಿಸಕೂಡದೆಂದು ನಿಷೇಧಿಸುವುದಕ್ಕೆ ಸಹ ಅದೇ ಪ್ರಕರಣವು ಅಧಿಕಾರ ಕೊಡುತ್ತದೆ. ಶಾಸನಕರ್ತರ ಮನಸ್ಸಿನಲ್ಲಿ ಇದ್ದುದು ವಿವೇಚನೆಯಿಂದ ಗುರುತಿಸಿದ, ಒಂದರಿಂದೊಂದು ಭಿನ್ನವಾದ ಪ್ರದೇಶಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಆಚರಣೆಯಲ್ಲಿ ಆದುದೇನು? ಕಾರ್ಖಾನೆಗಳು ಮಂಡಳಿಯ ಒಪ್ಪಿಗೆ ಪಡೆಯಬೇಕೆಂಬ ನಿಯಮವು ಘೋಷಿತ ಪ್ರದೇಶಗಳಿಗೆ ಮಾತ್ರ ಅನ್ವಯಿಸುವುದರಿಂದ, ಹಲವು ರಾಜ್ಯಗಳು ತಮ್ಮ ಸಮಸ್ತ ಭೂಭಾಗವನ್ನೂ ಒಂದೇ ಅಧಿಸೂಚನೆಯಲ್ಲಿ ನಿಯಂತ್ರಣ ಪ್ರದೇಶವೆಂದು ಸಾರಿಬಿಟ್ಟವು. ಒಪ್ಪಿಗೆಪತ್ರದ ಕೆಲಸ ಸುಗಮವಾಯಿತು. ಕಾಡು, ಕಡಲತಡಿ, ಬೆಳೆಯ ಬಯಲು, ರಾಸಾಯನಿಕ ವಸಾಹತು ಎಲ್ಲವೂ ಒಂದೇ ತೆರನಾದ ವಲಯವಾದುದರಿಂದ ವಲಯವೆಂಬುದಕ್ಕೆ ಯಾವ ವಿಶೇಷಾರ್ಥವೂ ಉಳಿಯಲಿಲ್ಲ.

ಎರಡನೆಯ ಲೋಪ ಇದಕ್ಕಿಂತ ಸೂಕ್ಷ್ಮವಾದುದು, ಇದಕ್ಕಿಂತ ಹಾನಿಕರವಾದುದು. ಕಲ್ಲಿದ್ದಲನ್ನೋ ಲಿಗ್ನೈಟನ್ನೋ ಉರಿಸುವ ಒಂದು ಬಾಯ್ಲರಿನ ಚಿಮಣಿಯಿಂದ ಹೊರಬೀಳುವ ಹೊಗೆಯಲ್ಲಿ ಘನಮೀಟರೊಂದಕ್ಕೆ 150 ಮಿಲಿಗ್ರಾಮಿಗಿಂತ ಹೆಚ್ಚು ಧೂಳಿರಕೂಡದೆಂಬುದು ಸೂರತ್ತಿನ ಬಟ್ಟೆಯ ಕಾರ್ಖಾನೆಗಳಿಗೆ ಇದ್ದ ಮಿತಿ. ಇದು ಸಾಂದ್ರತೆಯ ಮಿತಿಯೇ ಹೊರತು ಮೊತ್ತದ ಮಿತಿಯಲ್ಲ. ದಿನಕ್ಕೆ ಎಂಟು ಗಂಟೆ ಉರಿಯುವ ಒಲೆಯೂ ಇಪ್ಪತ್ತನಾಲ್ಕು ಗಂಟೆ ಉರಿಯುವ ಒಲೆಯೂ ಇದರ ದೃಷ್ಟಿಯಲ್ಲಿ ಸಮಾನ. ಹತ್ತು ಚಿಮಣಿಗಳಿದ್ದೆಡೆ ನೂರು ಚಿಮಣಿಗಳೆದ್ದರೂ, ಪ್ರತಿಯೊಂದೂ ತನ್ನಷ್ಟಕ್ಕೆ ನಿಯಮಬದ್ಧವಾಗಿದ್ದ ಪಕ್ಷದಲ್ಲಿ ಯಾರಮೇಲೂ ದೋಷ ಹೊರಿಸುವಂತಿಲ್ಲ. ಎಲ್ಲರೂ ನಿರ್ದೋಷಿಗಳು, ಗಾಳಿ ಮಾತ್ರ ಕೆಟ್ಟಿದೆ ಎಂಬ ವಿಪರೀತ ಸ್ಥಿತಿ ಈ ರೀತಿಯಲ್ಲಿ ಒದಗುತ್ತದೆ. ಮನುಷ್ಯನ ಶ್ವಾಸಕೋಶಕ್ಕೆ ಹೋಗುವುದು ಯಾವುದೊಂದು ಚಿಮಣಿಯ ಸಾಂದ್ರತೆಯಲ್ಲ, ಆ ಊರಿನ ಮೇಲೆ ಕೂಡಿಬಿದ್ದ ಒಟ್ಟು ಭಾರ.

ಈ ತತ್ತ್ವವನ್ನು ಇತರ ದೇಶಗಳು ಕಲಿತದ್ದು ಕಷ್ಟದ ಮೂಲಕವೇ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜಿನಿಂದ ಸುಮಾರು 4,000 ಮಂದಿ ಸತ್ತರೆಂದು ಆಗಿನ ಎಣಿಕೆ. ಅದರ ಫಲವಾಗಿ ಬಂದ 1956ರ ಕಾಯಿದೆಯು ಸ್ಥಳೀಯ ಸಂಸ್ಥೆಗಳಿಗೆ ಧೂಮ ನಿಯಂತ್ರಣ ಪ್ರದೇಶಗಳನ್ನು ಘೋಷಿಸುವ ಅಧಿಕಾರ ಕೊಟ್ಟಿತು. ಅದಕ್ಕೂ ಮುನ್ನ, 1947ರಲ್ಲಿಯೇ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಪ್ರತ್ಯೇಕವಾದ ವಾಯುಮಾಲಿನ್ಯ ನಿಯಂತ್ರಣ ಜಿಲ್ಲೆ ಸ್ಥಾಪಿತವಾಯಿತು. ಅಲ್ಲಿ ಗಮನಿಸಬೇಕಾದ ಅಂಶವೆಂದರೆ, ಬೆಟ್ಟಗಳ ನಡುವಣ ಆ ಬೋಗುಣಿಯಲ್ಲಿ ಒಂದು ಕೌಂಟಿಯ ಹೊಗೆಯನ್ನು ಇನ್ನೊಂದು ಕೌಂಟಿಯ ಜನ ಉಸಿರಾಡುತ್ತಾರೆಂಬುದು ಖಚಿತವಾದ ಮೇಲೆ, 1970ರ ದಶಕದಲ್ಲಿ ನೆರೆಯ ಕೌಂಟಿಗಳನ್ನೂ ಸೇರಿಸಿ ಒಂದೇ ಜಿಲ್ಲೆಯನ್ನಾಗಿ ಮಾಡಿದರು. ಎಲ್ಲೆಯನ್ನು ಒಮ್ಮೆ ಎಳೆದು ಶಾಶ್ವತವೆಂದು ಭಾವಿಸಲಿಲ್ಲ. ಗಾಳಿಯ ನಡೆಯನ್ನು ತಿಳಿಯುತ್ತ ತಿಳಿಯುತ್ತ ಎಲ್ಲೆಯನ್ನು ತಿದ್ದಿಕೊಂಡರು. ಕೆನಡ ದೇಶವು 2012ರಲ್ಲಿ ಒಪ್ಪಿಕೊಂಡ ವ್ಯವಸ್ಥೆಯಲ್ಲಿ ಪ್ರಾಂತಗಳು ತಮ್ಮ ನೆಲವನ್ನು ವಾಯುವಲಯಗಳಾಗಿ ವಿಂಗಡಿಸಿ, ಗಾಳಿಯ ಸ್ಥಿತಿ ಕೆಡುತ್ತ ಬಂದಂತೆ ಕ್ರಮವೂ ಹಂತಹಂತವಾಗಿ ಬಿಗಿಯಾಗುವಂತೆ ಏರ್ಪಡಿಸಿಕೊಂಡಿವೆ. ಮಿತಿ ಮೀರಿದ ಮೇಲೆ ಎಚ್ಚರಗೊಳ್ಳುವುದಕ್ಕಿಂತ ಮಿತಿಯ ಕಡೆಗೆ ಸಾಗುತ್ತಿರುವಾಗಲೇ ಕೈಹಾಕುವುದು ಲೇಸೆಂಬ ವಿವೇಕ ಅದರಲ್ಲಿದೆ.

ಇವೆಲ್ಲ ಹೊರನಾಡಿನ ಮಾತು, ಇಲ್ಲಿ ನಡೆಯದು ಎನ್ನುವವರಿಗೆ ಸೂರತ್ತಿನಿಂದ ಮುಂಬಯಿಯ ಹಾದಿಯಲ್ಲಿ, ವಾಪಿಯನ್ನು ದಾಟಿದೊಡನೆ ಸಿಗುವ ಡಹಾಣುವನ್ನು ತೋರಿಸಬಹುದು. ಮಹಾರಾಷ್ಟ್ರದ ಆ ತಾಲ್ಲೂಕು ಚಿಕ್ಕು ತೋಟಗಳ ನಾಡು, ವಾರ್ಲಿ ಜನರ ನೆಲೆ. 1991ರಲ್ಲಿ ಕೇಂದ್ರ ಸರ್ಕಾರವು ಅದನ್ನು ಪರಿಸರದ ದೃಷ್ಟಿಯಿಂದ ಸೂಕ್ಷ್ಮವಾದ ಪ್ರದೇಶವೆಂದು ಘೋಷಿಸಿ, ಇಡೀ ತಾಲ್ಲೂಕಿನಲ್ಲಿ ಕೈಗಾರಿಕೆಗೆ 500 ಎಕರೆಗಿಂತ ಹೆಚ್ಚಿನ ಜಾಗ ಸಲ್ಲದೆಂದು ಗೊತ್ತುಮಾಡಿತು. ಘೋಷಣೆ ಬರಿಯ ಕಾಗದವಾಗಿ ಉಳಿದೀತೆಂಬ ಭಯದಿಂದ ನಾಗರಿಕರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1996ರಲ್ಲಿ ಆ ತಾಲ್ಲೂಕಿಗೆಂದೇ ಒಂದು ಪ್ರಾಧಿಕಾರ ನೇಮಕಗೊಂಡು, ನಿವೃತ್ತ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿಯವರು ಅದರ ಅಧ್ಯಕ್ಷರಾದರು. ಆ ಪ್ರಾಧಿಕಾರವು, ಅಲ್ಲಿದ್ದ 500 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಕೇಂದ್ರವು ತನ್ನ ಹೊಗೆಯಿಂದ ಗಂಧಕದ ಡೈಆಕ್ಸೈಡನ್ನು ತೊಳೆದು ತೆಗೆಯುವ ಯಂತ್ರವನ್ನು ಕೂಡಿಸಲೇಬೇಕೆಂದು ಹಟ ಹಿಡಿದು, ವರ್ಷಗಟ್ಟಲೆ ಬೆನ್ನುಬಿಡದೆ, 2007ರ ವೇಳೆಗೆ ಅದನ್ನು ಸಾಧಿಸಿತು. ದೇಶದ ಉಳಿದ ಕಲ್ಲಿದ್ದಲ ಕೇಂದ್ರಗಳಿಗೆ ಗಂಧಕದ ಮಿತಿ ವಿಧಿಸಿದ್ದು 2015ರಲ್ಲಿ. ಅವುಗಳಲ್ಲಿ ಬಹುಸಂಖ್ಯೆಯವು ಗಡುವಿನ ಮೇಲೆ ಗಡುವು ಪಡೆಯುತ್ತ ಬಂದವು. ಒಂದು ತಾಲ್ಲೂಕು ದೇಶಕ್ಕಿಂತ ಎಂಟು ವರ್ಷ ಮುಂದಾದುದಕ್ಕೆ ಕಾರಣ ತಾಂತ್ರಿಕ ಜ್ಞಾನವಲ್ಲ, ಹಣವೂ ಅಲ್ಲ. ಒಂದು ನಿರ್ದಿಷ್ಟವಾದ ಭೂಭಾಗಕ್ಕೆ, ಅದನ್ನೇ ತನ್ನ ಕರ್ತವ್ಯವೆಂದು ಹೊತ್ತ, ಕೈಬೆರಳಿಟ್ಟು ತೋರಿಸಬಹುದಾದ ಒಂದು ಪೀಠವಿತ್ತು ಎಂಬುದೇ ಕಾರಣ. ಆಗ್ರಾದ ಸುತ್ತಣ ಸುಮಾರು 10,400 ಚದರ ಕಿಲೋಮೀಟರುಗಳ ತಾಜ್ ವಲಯದ ವಿಷಯದಲ್ಲಿಯೂ 1996ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ತೀರ್ಪು ಕಲ್ಲಿದ್ದಲಿನ ಬದಲು ಅನಿಲವನ್ನು ಬಳಸುವಂತೆ ಕಾರ್ಖಾನೆಗಳಿಗೆ ಆದೇಶಿಸಿತಷ್ಟೆ. ಆದರೆ ಅಲ್ಲಿ ರಕ್ಷಣೆಗೆ ನಿಮಿತ್ತವಾದುದು ಅಮೃತಶಿಲೆ. ಜನರ ಉಸಿರು ಅದರ ನೆರಳಿನಲ್ಲಿ ರಕ್ಷಿತವಾದುದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಹಾದಿಯಲ್ಲಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಗಾಳಿ, ನೀರು, ನೆಲ ಮೂರರ ದೃಷ್ಟಿಯಿಂದ ಅಳೆದು ಅಂಕ ಕೊಟ್ಟಾಗ, 43 ಪ್ರದೇಶಗಳು ವಿಷಮಸ್ಥಿತಿಯ ಪಟ್ಟಿಗೆ ಬಿದ್ದವು. ಅಂಕಲೇಶ್ವರ ಮೊದಲನೆಯದು, ವಾಪಿ ಎರಡನೆಯದು. ಅಹಮದಾಬಾದು, ಅದರ ವತ್ವಾ ವಸಾಹತು ಇವೂ ಆ ಪಟ್ಟಿಯಲ್ಲಿದ್ದವು. ನಮ್ಮ ಮಂಗಳೂರು, ಭದ್ರಾವತಿಗಳೂ ಇದ್ದವು. 2010ರ ಜನವರಿಯಲ್ಲಿ ಈ ಪ್ರದೇಶಗಳಲ್ಲಿ ಹೊಸ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವುದನ್ನು ತಡೆಹಿಡಿಯಲಾಯಿತು. ಗುರುತಿಸುವುದಕ್ಕೆ ಇದು ಉತ್ತಮವಾದ ಉಪಾಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ತಡೆಯಾಜ್ಞೆಯೆಂಬುದು ನಿರ್ವಹಣೆಯಲ್ಲ. ಅದು ಹೊಸಬನನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ, ಒಳಗೆ ಕುಳಿತ ಹಳಬನಿಂದ ಏನನ್ನೂ ಕೇಳುವುದಿಲ್ಲ. ಹೊಸಬನಾದರೂ ಹತ್ತು ಮೈಲಿ ಆಚೆಗೆ, ಪಟ್ಟಿಯಲ್ಲಿಲ್ಲದ ಹಳ್ಳಿಯಲ್ಲಿ, ಅದೇ ಗಾಳಿಯ ಮೇಲುಭಾಗದಲ್ಲಿ, ತನ್ನ ಒಲೆ ಹೂಡಬಹುದು. ಯೋಜನೆಗಳನ್ನು ಸಲ್ಲಿಸಿದ ಮೇರೆಗೆ ಅನೇಕ ಊರುಗಳ ತಡೆ ಕ್ರಮೇಣ ತೆರವಾಯಿತು. ಭದ್ರಾವತಿಯ ವಿಷಯದಲ್ಲಿ ಇನ್ನೂ ವ್ಯಸನಕರವಾದ ಮಾತೆಂದರೆ, ಅಲ್ಲಿ ಕಾಗದದ ಕಾರ್ಖಾನೆ ನಿಂತುಹೋಗಿ ಕಬ್ಬಿಣದ ಕಾರ್ಖಾನೆ ಕ್ಷೀಣಿಸಿತು. ದುಡಿಮೆ ಕಳೆದುಕೊಂಡ ಊರಿನ ಆಕಾಶ ತಿಳಿಯಾದರೆ ಅದನ್ನು ವಾಯುನೀತಿಯ ಜಯವೆಂದು ಯಾರೂ ಹೇಳಲಾರರು. ಉದ್ಯಮವೂ ಉಳಿದು ಉಸಿರೂ ಉಳಿಯಬೇಕಾದರೆ ಮೊತ್ತದ ಲೆಕ್ಕವೊಂದೇ ಗತಿ.

ಆ ಲೆಕ್ಕವನ್ನು ಮಾಡಿ ತೋರಿಸಿದ ಊರು ಸೂರತ್. ತಾಪಿಯ ದಡದ ಆ ನಗರದಲ್ಲಿ, ಪಾಂಡೇಸರ, ಸಚಿನ್ ಮೊದಲಾದ ವಸಾಹತುಗಳಲ್ಲಿ, ಸೀರೆ ಬಟ್ಟೆಗಳಿಗೆ ಬಣ್ಣ ಕಟ್ಟುವ, ಅಚ್ಚು ಹಾಕುವ ನೂರಾರು ಗಿರಣಿಗಳಿವೆ. ಪ್ರತಿಯೊಂದಕ್ಕೂ ಉಗಿ ಬೇಕು, ಉಗಿಗೆ ಬಾಯ್ಲರು ಬೇಕು, ಬಾಯ್ಲರಿಗೆ ಅಗ್ಗದ ಕಲ್ಲಿದ್ದಲೋ ಲಿಗ್ನೈಟೋ ಬೇಕು. 2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯು, ಷಿಕಾಗೊ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರ ನೆರವಿನಿಂದ, ಧೂಳಿನ ಕಣಗಳ ವಿಷಯದಲ್ಲಿ ಜಗತ್ತಿನ ಮೊದಲನೆಯದೆನ್ನಲಾದ ಪರವಾನಗಿ ಮಾರುಕಟ್ಟೆಯನ್ನು ಅಲ್ಲಿ ತೆರೆಯಿತು. ಚಿಮಣಿಗಳಲ್ಲಿ ಸದಾ ಅಳೆಯುವ ಯಂತ್ರಗಳನ್ನು ಕೂಡಿಸಲಾಯಿತು. ಎಲ್ಲ ಗಿರಣಿಗಳೂ ಸೇರಿ ಒಂದು ಅವಧಿಯಲ್ಲಿ ಇಷ್ಟು ಟನ್ನು ಧೂಳಿಗಿಂತ ಹೆಚ್ಚು ಬಿಡಕೂಡದೆಂದು ಮೊತ್ತವನ್ನು ನಿಗದಿ ಮಾಡಿ, ಅದರಲ್ಲಿ ಬಹುಪಾಲನ್ನು ಗಿರಣಿಗಳಿಗೆ ಉಚಿತವಾಗಿ ಹಂಚಿ, ಉಳಿದುದನ್ನು ಹರಾಜಿಗಿಟ್ಟರು. ಕಡಮೆ ಬಿಟ್ಟವನು ತನ್ನ ಉಳಿಕೆಯನ್ನು ಮಾರಬಹುದು. ಹೆಚ್ಚು ಬಿಟ್ಟವನು ಕೊಳ್ಳಬೇಕು. ಎರಡೂ ಮಾಡದವನು ದಂಡ ತೆರಬೇಕು. ಅಧ್ಯಯನಕ್ಕೆ ಒಳಪಟ್ಟ 317 ಕಾರ್ಖಾನೆಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದ 162 ಈ ಮಾರುಕಟ್ಟೆಗೆ ಬಂದವು, ಉಳಿದವು ಹಳೆಯ ನಿಯಮದಲ್ಲಿಯೇ ಇದ್ದವು. ಮಾರುಕಟ್ಟೆಗೆ ಸೇರಿದವು ಬಿಡುವ ಧೂಳು ಶೇಕಡ 20ರಿಂದ 30ರಷ್ಟು ತಗ್ಗಿತು, ಪರವಾನಗಿಯ ನಿಯಮವನ್ನು ಅವು ಶೇಕಡ 99ರಷ್ಟು ಪಾಲಿಸಿದವು, ತಗ್ಗಿಸುವುದಕ್ಕೆ ತಗುಲಿದ ವೆಚ್ಚವೂ ಹೆಚ್ಚಾಗದೆ ಕಡಮೆಯಾಯಿತು ಎಂದು ಅಧ್ಯಯನವು ಕಂಡುಕೊಂಡಿತು. ತರುವಾಯ ಅಹಮದಾಬಾದಿಗೂ ಈ ಕ್ರಮವನ್ನು ವಿಸ್ತರಿಸಿದರು.

ಮಾಲಿನ್ಯಕ್ಕೆ ಹಕ್ಕುಪತ್ರ ಕೊಟ್ಟು ಸಂತೆಯಲ್ಲಿ ಮಾರುವುದೇ ಎಂದು ಸಹೃದಯರು ಬೇಸರಪಡುವುದುಂಟು. ಆ ಬೇಸರವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಹಿಂದಿನ ನಿಯಮವೂ ಪ್ರತಿಯೊಂದು ಚಿಮಣಿಗೆ, ಯಾವ ಬೆಲೆಯೂ ಇಲ್ಲದೆ, ಯಾವ ಒಟ್ಟು ಮಿತಿಯೂ ಇಲ್ಲದೆ, ಹೊಗೆ ಬಿಡುವ ಹಕ್ಕನ್ನು ಕೊಟ್ಟೇ ಇತ್ತು. ಸೂರತ್ತಿನ ಪ್ರಯೋಗದ ಹೃದಯ ಸಂತೆಯಲ್ಲ, ಸಂತೆಗೆ ಮುಂಚೆ ಗೊತ್ತುಮಾಡಿದ ಮೊತ್ತ. ಕೊಡುಕೊಳ್ಳುವಿಕೆಯು ಆ ಮೊತ್ತವನ್ನು ಕಡಮೆ ಖರ್ಚಿನಲ್ಲಿ ಮುಟ್ಟುವ ಸಾಧನ ಮಾತ್ರ. ಇದಕ್ಕಿಂತ ತೂಕವಾದ ಆಕ್ಷೇಪ ಇನ್ನೊಂದಿದೆ. ಮೊತ್ತ ತಗ್ಗಿದರೂ, ಪರವಾನಗಿ ಕೊಂಡ ಗಿರಣಿಗಳು ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ, ಅಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದು ಮಗ್ಗದ ಕೊಠಡಿಗಳ ಮಗ್ಗುಲಲ್ಲೇ ಬಾಡಿಗೆಗೆ ಇರುವ ಕೂಲಿಕಾರನ ಪಾಲಿಗೆ ಗಾಳಿ ಹಿಂದಿನಂತೆಯೇ ಉಳಿದೀತು. ಇದಕ್ಕೆ ಪರಿಹಾರ ವಲಯದೊಳಗೆ ಉಪವಲಯ. ದೊಡ್ಡ ವಲಯಕ್ಕೆ ಮೊತ್ತ, ಅದರೊಳಗಣ ಪ್ರತಿಯೊಂದು ಪೇಟೆಗೂ ವಸಾಹತಿಗೂ ಮೀರಬಾರದ ಮೇಲುಮಿತಿ, ಎರಡೂ ಜೊತೆಗೇ ಇರತಕ್ಕದ್ದು.

ಅಹಮದಾಬಾದಿನಲ್ಲಿ ಈ ಉಪವಲಯದ ಅಗತ್ಯ ಕಣ್ಣಿಗೆ ಕಾಣುವಂತಿದೆ. 1861ರಲ್ಲಿ ರಣಛೋಡಲಾಲ್ ಛೋಟಾಲಾಲರ ಗಿರಣಿಯ ಯಂತ್ರ ತಿರುಗಿದಂದಿನಿಂದ ಸಾಬರಮತಿಯ ಪೂರ್ವ ಭಾಗವು ದುಡಿಯುವವರ ಊರಾಯಿತು. ಗಿರಣಿಗಳು ಮುಚ್ಚಿದ ಮೇಲೆಯೂ ನರೋಡ, ಒಢವ, ವತ್ವಾ ವಸಾಹತುಗಳು ಆ ಕಡೆಯೇ ಬೆಳೆದವು. ಊರ ಕಸವೆಲ್ಲ ಗುಡ್ಡೆಯಾಗಿ ಎದ್ದು, ಆಗಾಗ ತಾನಾಗಿ ಹೊತ್ತಿಕೊಂಡು ಹೊಗೆಯಾಡುತ್ತ ಬಂದ ಪಿರಾನಾದ ತಿಪ್ಪೆಯೂ ನದಿಯ ಪೂರ್ವಕ್ಕೇ ಇದೆ. ಪಶ್ಚಿಮ ದಡದ ಹೊಸ ಬಡಾವಣೆಗಳ ಅಳತೆಯನ್ನೂ ಪೂರ್ವದ ಅಳತೆಯನ್ನೂ ಕೂಡಿಸಿ ಭಾಗಿಸಿದ ಸರಾಸರಿಯು ಯಾರೊಬ್ಬರ ಗಾಳಿಯನ್ನೂ ವರ್ಣಿಸದು. 2013ರಲ್ಲಿ ಬಿಸಿಲಿನ ಝಳಕ್ಕೆ ದಕ್ಷಿಣ ಏಷ್ಯದಲ್ಲಿಯೇ ಮೊದಲಾಗಿ ಕಾರ್ಯಯೋಜನೆ ಮಾಡಿಕೊಂಡು, 2017ರಲ್ಲಿ ಗಾಳಿಯ ಸ್ಥಿತಿಯನ್ನು ಮುನ್ಸೂಚಿಸಿ ಎಚ್ಚರಿಸುವ ವ್ಯವಸ್ಥೆಯನ್ನೂ ತಂದ ನಗರಪಾಲಿಕೆಗೆ ಇದನ್ನು ಬಿಡಿಸಿ ತೋರಿಸುವ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ.

ಎಲ್ಲ ಲೆಕ್ಕಕ್ಕೂ ಬುನಾದಿ ಸತ್ಯವಾದ ಅಳತೆ. ಈ ಸಂಬಂಧದಲ್ಲಿ ಗುಜರಾತಿನ ಇನ್ನೊಂದು ಪ್ರಯೋಗವನ್ನು ಮರೆಯಬಾರದು. ಆ ರಾಜ್ಯದಲ್ಲಿ ಹೈಕೋರ್ಟಿನ 1996ರ ಆದೇಶದಂತೆ ಕಾರ್ಖಾನೆಗಳು ಹೊರಗಿನ ಪರಿಶೋಧಕರಿಂದ ಪರೀಕ್ಷೆ ಮಾಡಿಸಿ ವರದಿ ಒಪ್ಪಿಸುವ ಪದ್ಧತಿಯಿತ್ತು. ಪರಿಶೋಧಕನನ್ನು ಆರಿಸುವವನೂ ಅವನಿಗೆ ಸಂಬಳ ಕೊಡುವವನೂ ಪರೀಕ್ಷೆಗೆ ಒಳಗಾಗುವ ಮಾಲೀಕನೇ. ಅಹಮದಾಬಾದು ಸೂರತ್ತುಗಳ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ದುಫ್ಲೊ, ರೋಹಿಣಿ ಪಾಂಡೆ ಮೊದಲಾದವರು ನಡೆಸಿದ ಅಧ್ಯಯನದಲ್ಲಿ, ಇಂತಹ ವರದಿಗಳ ಅಂಕಿಗಳು ನಿಗದಿತ ಮಿತಿಯ ಸ್ವಲ್ಪ ಕೆಳಗೇ ಬಂದು ಗುಂಪಾಗಿ ನಿಲ್ಲುತ್ತಿದ್ದುವೆಂಬುದು, ನಿಜವಾದ ಹೊಗೆ ಅದಕ್ಕಿಂತ ಎಷ್ಟೋ ಹೆಚ್ಚೆಂಬುದು ಬಯಲಾಯಿತು. ಪರಿಶೋಧಕರನ್ನು ಚೀಟಿಯಿಂದ ಹಂಚಿ, ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರ ಕೆಲಸವನ್ನು ಮತ್ತೊಮ್ಮೆ ಪರೀಕ್ಷಿಸಿದಾಗ ವರದಿ ಸತ್ಯವಾಯಿತು. ವರದಿ ಸತ್ಯವಾದೊಡನೆ ಕಾರ್ಖಾನೆಗಳ ಹೊಗೆಯೂ ತಗ್ಗಿತು. ಯಾವ ಹೊಸ ಶಾಸನವೂ ಇದಕ್ಕೆ ಬೇಕಾಗಲಿಲ್ಲ. ಪರಿಶೋಧಕನು ಯಾರ ಅನ್ನ ತಿನ್ನುತ್ತಾನೆಂಬುದನ್ನು ಬದಲಿಸಿದ್ದೊಂದೇ ಸಾಕಾಯಿತು.

ಹೀಗಿರುವಾಗ 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಯಾವ ಘಟಕವನ್ನು ಆರಿಸಿಕೊಂಡಿತು? ನಗರವನ್ನು. ಸುಮಾರು 130 ನಗರಗಳು ಅದರಲ್ಲಿವೆ. ಅಹಮದಾಬಾದು, ವಡೋದರೆ, ಸೂರತ್ ಇವೆ, ನಮ್ಮ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳೂ ಇವೆ. ನಗರಪಾಲಿಕೆಯ ಆಯುಕ್ತರಿಗೆ ಹಣ ಕೊಟ್ಟು ಗಾಳಿ ಶುದ್ಧ ಮಾಡಿರೆಂದರೆ, ಅವರ ಕೈಗೆ ಎಟಕುವುದು ರಸ್ತೆ, ಕಸ, ಉದ್ಯಾನ ಇಷ್ಟೇ. ಚಿಮಣಿ ಅವರ ಅಧೀನದಲ್ಲಿಲ್ಲ. ಎಲ್ಲೆಯಾಚೆಯ ವಸಾಹತಂತೂ ಇಲ್ಲವೇ ಇಲ್ಲ. ಆದುದರಿಂದ ಅವರು ಕಸ ಗುಡಿಸುವ ಯಂತ್ರಗಳನ್ನು ಕೊಂಡರು, ರಸ್ತೆಯ ಅಂಚುಗಳಿಗೆ ಕಲ್ಲು ಹಾಸಿದರು. ಈ ಕಾರ್ಯಕ್ರಮದ ವೆಚ್ಚದಲ್ಲಿ ಸುಮಾರು ಶೇಕಡ 64ರಷ್ಟು ರಸ್ತೆಯ ಧೂಳಿಗೂ, ಶೇಕಡ ಒಂದಕ್ಕಿಂತ ಕಡಮೆ ಕೈಗಾರಿಕೆಗೂ ಹೋಯಿತೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ಲೆಕ್ಕ ತೋರಿಸಿತು. ಅದೇ ವರ್ಷ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಸ್ವಚ್ಛ ವಾಯು ಸಮೀಕ್ಷೆಯಲ್ಲಿ ಸೂರತ್ ಮೊದಲ ಸ್ಥಾನ ಪಡೆಯಿತು. ಆ ಊರಿನ ಶ್ರಮಕ್ಕೆ ಅದು ಸಲ್ಲತಕ್ಕ ಮನ್ನಣೆಯೇ ಸರಿ. ಆದರೂ ಹಜೀರಾದ ಉಕ್ಕು, ಗೊಬ್ಬರ, ಅನಿಲಗಳ ಬೃಹತ್ ಸ್ಥಾವರಗಳು ತಾಪಿಯ ಅಳಿವೆಯಲ್ಲಿ, ನೈಋತ್ಯ ಮಾರುತವು ಊರಿಗೆ ಬರುವ ದಾರಿಯಲ್ಲಿಯೇ ನಿಂತಿವೆಯೆಂಬುದು ಗುಡಿಸುವ ಯಂತ್ರಗಳಿಂದ ಬದಲಾಗುವ ಸಂಗತಿಯಲ್ಲ.

ಹಾಗಾದರೆ ಅಧಿಕಾರವನ್ನು ಎಷ್ಟು ದೊಡ್ಡ ವಲಯಕ್ಕೆ ಕೊಡಬೇಕು? ವಲಯ ಹಿರಿದಾದಷ್ಟೂ ಹೊಣೆ ತೆಳುವಾಗುತ್ತದೆಂಬ ಆಶಂಕೆ ನ್ಯಾಯವಾದುದೇ. ಇದಕ್ಕೆ ಉತ್ತರವೂ ಸೂರತ್ತಿನ ಚರಿತ್ರೆಯಲ್ಲಿದೆ. 1994ರ ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನ ಊರು ಬಿಟ್ಟು ಓಡಿದ ಮರುವರ್ಷ, ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅವರು ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಅಧಿಕಾರಿಯನ್ನಿಟ್ಟು, ತಮ್ಮ ಕೈಯಲ್ಲಿದ್ದ ಹಣದ ಮತ್ತು ಆಜ್ಞೆಯ ಅಧಿಕಾರವನ್ನು ಅವರಿಗೆ ಹಂಚಿದರು. ಅಧಿಕಾರಿಗಳು ದಿನವೂ ಬೀದಿಗಿಳಿಯುವಂತೆ ಮಾಡಿದರು. ಸ್ವಲ್ಪ ಕಾಲದಲ್ಲಿಯೇ ಆ ಕೊಳಕು ನಗರ ದೇಶಕ್ಕೆ ಮಾದರಿಯೆನಿಸಿತು. ಯಾವ ಗಲ್ಲಿಯ ಕಸಕ್ಕೆ ಯಾರು ಹೊಣೆಯೆಂಬುದು ಜನಕ್ಕೆ ತಿಳಿದಿದ್ದುದೇ ಅದರ ರಹಸ್ಯ. ಗಾಳಿಯ ವಿಷಯದಲ್ಲಿಯೂ ಅಹಮದಾಬಾದಿನಿಂದ ವಾಪಿಯವರೆಗಿನ ಕೈಗಾರಿಕಾ ಪಟ್ಟಿಯನ್ನು ಒಂದು ಮಹಾವಲಯವಾಗಿ ಭಾವಿಸಿ ಒಟ್ಟು ಮೊತ್ತವನ್ನು ಗೊತ್ತುಮಾಡುವ ಪೀಠವೊಂದು, ಅದರ ಕೆಳಗೆ ಸಾಬರಮತಿ, ವಿಶ್ವಾಮಿತ್ರಿ, ನರ್ಮದೆ, ತಾಪಿಗಳ ಸುತ್ತಣ ಉಪವಲಯಗಳಿಗೆ ಹೆಸರು ವಿಳಾಸಗಳಿಂದ ಗುರುತಿಸಬಹುದಾದ ಅಧಿಕಾರಿಗಳು, ಹೀಗೆ ಎರಡು ಅಂತಸ್ತಿನ ಏರ್ಪಾಡು ಅಸಾಧ್ಯವೇನೂ ಅಲ್ಲ. ರಾಜ್ಯದೊಳಗಿನ ಮಟ್ಟಿಗೆ ವಾಯು ಕಾಯಿದೆಯ 19ನೆಯ ಪ್ರಕರಣವೇ ಸಾಕು.

ತೊಡಕು ಬರುವುದು ದಕ್ಷಿಣದ ಕೊನೆಯಲ್ಲಿ. ವಾಪಿ ಗುಜರಾತಿಗೆ ಸೇರಿದುದು, ಅದರ ಪಶ್ಚಿಮಕ್ಕೆ ದಮನ್, ಪೂರ್ವಕ್ಕೆ ಸಿಲ್ವಾಸ, ಇವೆರಡೂ ಕೇಂದ್ರಾಡಳಿತದವು, ತೆಂಕಣಕ್ಕೆ ಮಹಾರಾಷ್ಟ್ರ. ಒಂದು ಮುಂಜಾವಿನ ಗಾಳಿ ಮೂರು ಆಡಳಿತಗಳನ್ನು ದಾಟುತ್ತದೆ. ಇಂತಹ ಎಡೆಗೆ ಕೇಂದ್ರವೇ ಪರಿಸರ ಸಂರಕ್ಷಣಾ ಕಾಯಿದೆಯ ಮೂರನೆಯ ಪ್ರಕರಣದಂತೆ ಪ್ರಾಧಿಕಾರವನ್ನು ನೇಮಿಸಬಹುದು; ದೆಹಲಿಯ ಸುತ್ತಣ ರಾಜ್ಯಗಳಿಗೆಂದು 2021ರಲ್ಲಿ ಪ್ರತ್ಯೇಕ ಕಾಯಿದೆಯಿಂದಲೇ ಆಯೋಗವನ್ನು ಮಾಡಿದ್ದಾರೆ. ರಾಜಧಾನಿಯ ಜನರ ಉಸಿರಿಗೆ ಸಲ್ಲುವ ನ್ಯಾಯ ವಾಪಿಯ ಕಾರ್ಮಿಕರ ಉಸಿರಿಗೂ ಸಲ್ಲಬೇಡವೆ? ಖರ್ಚಿನ ಮಾತನ್ನೂ ಪ್ರಾಮಾಣಿಕವಾಗಿ ಎದುರಿಸತಕ್ಕದ್ದು. ಕಲ್ಲಿದ್ದಲನ್ನು ಬಿಟ್ಟು ಅನಿಲಕ್ಕೆ ಬಾ ಎಂದರೆ ಅನಿಲದ ಬೆಲೆ ಏರಿಳಿಯುವಾಗ ಸಣ್ಣ ಗಿರಣಿಯವನು ತತ್ತರಿಸುತ್ತಾನೆ. ಆದುದರಿಂದ ಒಂದೇ ಸಾಧನವನ್ನು ಎಲ್ಲರಮೇಲೆ ಹೇರದೆ, ಮೊತ್ತವನ್ನು ಮಾತ್ರ ಬಿಗಿಯಾಗಿ ಹಿಡಿದು ಸಾಧನವನ್ನು ಅವರವರ ಆಯ್ಕೆಗೆ ಬಿಡುವ ಸೂರತ್ತಿನ ಕ್ರಮ ಹೆಚ್ಚು ಮಾನವೀಯವೆಂದು ನನ್ನ ನಂಬುಗೆ.

ಕರ್ನಾಟಕದವರಿಗೂ ವಲಯದ ಅಭ್ಯಾಸ ಇಲ್ಲವೆಂದಲ್ಲ. ಜಲ್ಲಿ ಮಾಡುವ ಕ್ರಷರುಗಳ ಧೂಳಿನಿಂದ ಹಳ್ಳಿಗಳು ನೊಂದ ಮೇಲೆ ಬಂದ 2011ರ ಶಾಸನವು, ಸುರಕ್ಷಿತ ವಲಯಗಳನ್ನು ಗುರುತಿಸಿ ಅವುಗಳೊಳಗೆ ಮಾತ್ರ ಕ್ರಷರುಗಳಿಗೆ ಅನುಮತಿ ಕೊಡುವ ಪದ್ಧತಿಯನ್ನು ತಂದಿತು. ಆದರೆ ಅಲ್ಲಿಯೂ ಒಂದು ವಲಯದಲ್ಲಿ ಎಷ್ಟು ಕ್ರಷರುಗಳು ಸೇರಿದರೆ ಅದರ ಗಾಳಿ ತಡೆದೀತೆಂಬ ಒಟ್ಟು ಲೆಕ್ಕದ ಕಡೆಗೆ ನಮ್ಮ ಗಮನ ಹೋಗಲಿಲ್ಲ. ಆ ಲೆಕ್ಕವನ್ನು ಮೊದಲು ತೆಗೆಯುವುದಕ್ಕೆ ಮಂಗಳೂರಿನ ಉತ್ತರ ಭಾಗಕ್ಕಿಂತ ತಕ್ಕ ಸ್ಥಳ ನಮ್ಮಲ್ಲಿ ಬೇರೆ ಕಾಣದು. ಪಣಂಬೂರಿನ ಬಂದರು, ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ವಸಾಹತು, ಅದರಾಚೆ ತೈಲ ಶುದ್ಧೀಕರಣಾಗಾರ ಇವೆಲ್ಲ ಕಡಲಗಾಳಿಯ ಒಂದೇ ಹಾದಿಯಲ್ಲಿವೆ. ಸೂರತ್ತಿಗಾಗಿ ಗುಜರಾತ್ ಮಂಡಳಿ ಬರೆದಿಟ್ಟ ವಿಧಾನವನ್ನು ತರಿಸಿಕೊಂಡು, ಅಲ್ಲಿನ ಪ್ರತಿಯೊಂದು ಚಿಮಣಿಯೂ ತಿಂಗಳಿಗೆ ಎಷ್ಟು ಟನ್ನು ಬಿಡುತ್ತದೆಂಬುದನ್ನು, ಮಾಲೀಕನು ನೇಮಿಸದ ಪರಿಶೋಧಕನಿಂದ ಅಳೆಯಿಸಿ, ಗ್ರಾಮ ಪಂಚಾಯಿತಿಯ ಮತ್ತು ವಾರ್ಡು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸುವ ಕೆಲಸವನ್ನು ರಾಜ್ಯ ಮಂಡಳಿಯು ಬರುವ ಚಳಿಗಾಲಕ್ಕೆ ಮೊದಲೇ ಆರಂಭಿಸಬಹುದು.